ಮರ್ಡೋನ ಕಿಲ್ಟು, ಬೀಗರ ಬಾಡಿಗೆ ನೆರಿಗೆ

ಸ್ಕಾಟ್‌ಲೆಂಡಿನ ಇನ್ವರ್‌ಡಲ್ಲಿಯಲ್ಲಿ ಕಲ್ಲುಗೋಡೆ ಕಟ್ಟುವ ಮರ್ಡೋ ಗಿಲ್ಲೀಸನ ಮೂಲಪುರುಷ ಡೋನಲ್ಡ್. ಅಲ್ಲಿನ ಗಂಡಸರು ಸೊಂಟದಿಂದ ಮಂಡಿವರೆಗೆ ಸುತ್ತುವ ನೆರಿಗೆಯ ಉಣ್ಣೆಬಟ್ಟೆ ಕಿಲ್ಟನ್ನು ಉಡಬಾರದೆಂದು ಲಂಡನ್ನಿನ ಸರ್ಕಾರ ಕಾನೂನು ಮಾಡಿದ ಕಾಲದಲ್ಲಿ ಅದನ್ನೇ ಉಟ್ಟು ದನ ಕಾಯಲು ಹೋಗಿ, ಆರು ತಿಂಗಳು ಸೆರೆಮನೆಯ ಗಂಜಿ ಕುಡಿದು ಬಂದವನು. ಎರಡನೇ ಸಲ ಸಿಕ್ಕಿಬಿದ್ದರೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಎರಡನೇ ಸಲ ಅವನು ಸಿಕ್ಕಿಬೀಳಲಿಲ್ಲ, ಉಡುವುದನ್ನೇನೂ ಬಿಡಲಿಲ್ಲ. ಅದೇ ವಂಶದ ಅಜ್ಜ ಯೂಅನ್ ಮೊದಲ ಮಹಾಯುದ್ಧದಲ್ಲಿ ಕಿಲ್ಟ್ ಉಟ್ಟೇ ಫ್ರಾನ್ಸಿನ ಕೆಸರಲ್ಲಿ ನಿಂತ. ನೆನೆದ ಅಂಚು ಹೆಪ್ಪುಗಟ್ಟಿ ಮೊಳಕಾಲಿನ ಹಿಂಬದಿಯನ್ನು ಚಾಕುವಿನ ಹಾಗೆ ಕೊಯ್ದ ಗುರುತನ್ನು ಸಾಯುವ ತನಕ ಕಂಡಕಂಡವರಿಗೆ ತೋರಿಸುತ್ತಿದ್ದ. ಪದಕವನ್ನು ಮಾತ್ರ ಯಾರಿಗೂ ತೋರಿಸಲಿಲ್ಲ, ಎಲ್ಲಿಟ್ಟೆ ಅನ್ನುವುದೇ ಮರೆತಿತ್ತು. ಅಪ್ಪ ಲಾಕ್ಲನ್ ಅಂಥ ಸಾಹಸವೇನೂ ಮಾಡಿದವನಲ್ಲ. ಜೀವಮಾನದಲ್ಲಿ ಒಂದೇ ಸಲ ಪೈಜಾಮ ತೊಟ್ಟ, ಆಸ್ಪತ್ರೆಯಲ್ಲಿ, ಅದೂ ಎಚ್ಚರ ತಪ್ಪಿದ್ದಾಗ.

ಇಂಥ ಮನೆತನದಲ್ಲಿ ಹುಟ್ಟಿದ ಮರ್ಡೋ ಅರವತ್ತೊಂದು ವರ್ಷ ಕಿಲ್ಟಿನಲ್ಲೇ ಕಳೆದದ್ದು ಯಾರಿಗೂ ಸೋಜಿಗ ಆಗಬಾರದಿತ್ತು. ಆದರೆ ಕಿಲ್ಟಿನ ನಾಡಿನಲ್ಲಿ ಕಿಲ್ಟ್ ಉಟ್ಟವನಷ್ಟು ವಿಚಿತ್ರ ಪ್ರಾಣಿ ಇನ್ನೊಂದಿಲ್ಲ. ಮದುವೆಗೆ ಉಡಲಿ, ರಗ್ಬಿ ಪಂದ್ಯಕ್ಕೆ ಉಡಲಿ, ಯಾರೂ ಕೇಳುವುದಿಲ್ಲ. ಮಂಗಳವಾರ ಬೆಳಿಗ್ಗೆ ಹಾಲು ತರಲು ಉಟ್ಟು ಹೊರಟರೆ ತಲೆ ಕೆಟ್ಟಿದೆ ಅನ್ನುತ್ತಾರೆ.

ಅಂಚೆ ಕಚೇರಿಯ ಜೆಸ್ಸಿ ಪ್ರತಿ ಚಳಿಗಾಲ, "ಕಾಲು ಸೆಟೆಯಲ್ವೇನೋ ಮರ್ಡೋ?" ಅನ್ನುವಳು. "ನಿನ್ನ ಕಾಲು ಸೆಟೆದಿದೆಯಾ?" ಅಂತ ಇವನು ಅವಳ ಲಂಗ ತೋರಿಸುವನು. ಅವಳ ಬಾಯಿ ಮುಂದಿನ ಚಳಿಗಾಲದವರೆಗೆ ಮುಚ್ಚುತ್ತಿತ್ತು. ಹೆಂಡದಂಗಡಿಯಲ್ಲಿ ಮೀನು ಹಿಡಿಯುವ ಆಲಿಕ್ ಎರಡನೇ ಗುಟುಕಿಗೇ ಕಣ್ಣು ಮಿಟುಕಿಸಿ, "ಹೇಳೋ ಮಾರಾಯ, ಒಳಗೇನಾದ್ರೂ ಹಾಕಿದೀಯೋ ಇಲ್ವೋ?" ಅನ್ನುವನು.

"ನಿಮ್ಮಪ್ಪನೂ ಇದನ್ನೇ ಕೇಳ್ತಿದ್ದ ಕಣೋ ಆಲಿಕ್. ನಿಮ್ಮ ವಂಶಕ್ಕೆ ಇನ್ನೊಂದು ಪ್ರಶ್ನೆ ಹುಟ್ಟಲೇ ಇಲ್ಲ ನೋಡು."

ಬೇಸಿಗೆಯಲ್ಲಿ ಪ್ರವಾಸಿಗಳು ಕಾರು ನಿಲ್ಲಿಸಿ, "ಇವತ್ತು ಯಾರ ಮದುವೆ?" ಎಂದು ಕೇಳುತ್ತಾರೆ. ಮಂಡಿವರೆಗೆ ಮಣ್ಣು, ಕೈಯಲ್ಲಿ ಸುತ್ತಿಗೆ, ಸುತ್ತ ನುಸಿಯ ಮೋಡ. "ಈ ಕಲ್ಲಿಗೂ ಆ ಕಲ್ಲಿಗೂ," ಅನ್ನುತ್ತಾನೆ ಮರ್ಡೋ. ಅವರು ಅದನ್ನೂ ಬರೆದುಕೊಂಡು ಹೋಗುತ್ತಾರೆ.

ಅವನ ಹತ್ತಿರ ಇರುವುದು ಎರಡು. ದುಡಿಮೆಗೊಂದು, ಬಿಸಿಲುಮಳೆಗೆ ಬಣ್ಣವೇ ಇಲ್ಲದಂತಾದದ್ದು. ಇನ್ನೊಂದು ಎಂಟು ಗಜ ಉಣ್ಣೆಯದು, ಹಸಿರುಕಪ್ಪು ಚೌಕುಳಿ. ಅದರ ನೆರಿಗೆಗಳನ್ನು ಒಂದೊಂದಾಗಿ ಕೈಯಲ್ಲೇ ಹೊಲಿದು ಕೊಟ್ಟವಳು ಹೆಂಡತಿ ಶೀನಾ. ಅವಳು ತೀರಿಕೊಂಡು ಆರು ವರ್ಷ. ಭಾನುವಾರ ಚರ್ಚಿಗೆ ಹೋಗುವಾಗ ಅದನ್ನೇ ಉಡುವನು. ಮಗಳು ಈಶ್ಬೆಲಳ ಮದುವೆಗೂ ಅದನ್ನೇ ಎಂದು ಬ್ರಷ್ಷಿನಿಂದ ಉಜ್ಜಿ ನೇತುಹಾಕಿದ್ದ.

ಬೀಗಿತ್ತಿ ಲಿನೆಟ್ ಪ್ರಿಂಗಲ್‌ಳ ಯೋಚನೆ ಬೇರೆ ಇತ್ತು. ಮಗ ರೋರಿಗೆ ಮೂರು ವರ್ಷವಿದ್ದಾಗ ಎಡಿನ್‌ಬರೊ ಬಿಟ್ಟು ಲಂಡನ್ನಿನ ಪಕ್ಕ ನೆಲೆಸಿದವರು ಅವರು. ಅಲ್ಲಿಗೆ ಹೋದ ಮೇಲೆ ಅವರಿಗೆ ಸ್ಕಾಟ್‌ಲೆಂಡಿನ ಜ್ವರ ಹತ್ತಿತು. ದೂರ ಹೋದಷ್ಟೂ ಏರುವ ಜ್ವರ ಅದು. ಗಂಡನ ತಮ್ಮ ಡಂಕನ್ ಅಂತೂ ಅಲ್ಲಿನ ಸ್ಕಾಟರ ಸಂಘಕ್ಕೆ ಹನ್ನೊಂದು ವರ್ಷದಿಂದ ಅಧ್ಯಕ್ಷ.

ಮದುವೆಗೆ ತಿಂಗಳಿರುವಾಗ ಲಿನೆಟ್ ಫೋನ್ ಮಾಡಿದಳು. "ಗಂಡಸರಿಗೆಲ್ಲ ಒಂದೇ ಥರದ ಕಿಲ್ಟ್ ಬಾಡಿಗೆಗೆ ಹೇಳಿದೀವಿ. 'ಮಂಜಿನ ಕಣಿವೆ' ಅಂತ ಅದರ ಹೆಸರು. ಹೂವಿಗೂ ಕೇಕಿಗೂ ಹೊಂದುತ್ತೆ. ನಿಮ್ಮ ಸೊಂಟದ ಅಳತೆ ಎಷ್ಟು?"

"ನನ್ನ ಹತ್ರ ಕಿಲ್ಟ್ ಇದೆಯಲ್ಲ ತಾಯಿ."

"ಇದೆ ಅಂತ ಗೊತ್ತು," ಎಂದಳು ಲಿನೆಟ್, ಮನೆಯಲ್ಲಿ ಹುಚ್ಚುನಾಯಿ ಇದೆ ಎಂದು ಕೇಳಿದವಳ ಹಾಗೆ. "ಫೋಟೋದಲ್ಲಿ ಒಂದು ಮಾತ್ರ ಬೇರೆ ಕಂಡರೆ ಕಣ್ಣಿಗೆ ಹೊಡೆಯುತ್ತೆ. ನಿಮಗೆ ಮುಜುಗರ ಅನ್ನಿಸಿದ್ರೆ ಬೇಡ ಬಿಡಿ. ಅಪ್ಪನ ಬದಲು ಹುಡುಗಿ ಕೈ ಹಿಡಿದು ಚರ್ಚೊಳಗೆ ಕರ್ಕೊಂಡು ಬರೋಕೆ ನಮ್ಮ ಡಂಕನ್ ಇದಾನೆ. ಅವನಿಗೆ ಇದೆಲ್ಲ ಅಭ್ಯಾಸ."

ಮರ್ಡೋ ಫೋನ್ ಇಟ್ಟು, ಹೊರಗೆ ಹೋಗಿ, ಸರಿಯಾಗೇ ಇದ್ದ ಗೋಡೆಯೊಂದನ್ನು ಕೆಡವಿ ಮತ್ತೆ ಕಟ್ಟಿದ.

ಆ ಶನಿವಾರ ಇನ್ವರ್ನೆಸ್‌ನಿಂದ ಈಶ್ಬೆಲ್ ಬಂದಳು. ಅಲ್ಲಿ ಅವಳು ನರ್ಸು. ಅಪ್ಪ ಕೊಟ್ಟ ಸೂಪಿನ ಬಟ್ಟಲನ್ನು ಮುಟ್ಟದೆ ಕೂತಳು.

"ನಿನಗೂ ನಾಚಿಕೆ ಆಗತ್ತೇನೇ?" ಎಂದ ಮರ್ಡೋ.

"ನಾಚಿಕೆ ಆಗೋ ಹಾಗಿದ್ರೆ ಇಸ್ಕೂಲಿಗೆ ಬಿಡೋಕೆ ಬರ್ತಿದ್ರಲ್ಲ, ಆವಾಗಲೇ ಆಗ್ಬೇಕಿತ್ತು. ಕಿಲ್ಟಿನ ಮಗಳು ಅಂತ ಹೆಸರಿಟ್ಟಿದ್ರು ನಂಗೆ. ಇಬ್ಬರಿಗೆ ಮೂಗಲ್ಲಿ ರಕ್ತ ಬರ್ಸಿದೀನಿ."

"ಮತ್ತೆ?"

"ಮತ್ತೇನಿಲ್ಲಪ್ಪ. ಬೆಳಗಾದ್ರೆ ಫೋನು, ಸಂಜೆ ಆದ್ರೆ ಫೋನು. ರೋರಿ ಅವರಮ್ಮನಿಗೂ ನನಗೂ ನಡುವೆ ಸಿಕ್ಕಿ ಸೊರಗಿಹೋಗಿದಾನೆ. ಆ ಡಂಕನ್ ತೋಳು ಹಿಡ್ಕೊಂಡು ನಾನು ನಡೆಯಲ್ಲ. ನೀವೇ ಬರ್ಬೇಕು. ಏನನ್ನಾದ್ರೂ ಉಟ್ಕೊಂಡು ಬನ್ನಿ. ಒಂದು ದಿನ, ನಂಗೋಸ್ಕರ."

ಮರ್ಡೋ ಒಲೆಯ ಕಡೆ ತಿರುಗಿ ಸೂಪು ಕಲಕುತ್ತ ನಿಂತ. "ಮೂವತ್ತೆಂಟು ಅಂತ ಹೇಳು ನಿಮ್ಮತ್ತೆಗೆ," ಎಂದ ಕೊನೆಗೆ. "ಸೊಂಟ."

ಮದುವೆಯ ಬೆಳಿಗ್ಗೆ, ಬಾಡಿಗೆಯದನ್ನು ಅಲ್ಲೇ ಬದಲಿಸಿದರಾಯಿತೆಂದು ಶೀನಾ ಹೊಲಿದದ್ದನ್ನೇ ಉಟ್ಟು, ಕಡಲ ದಂಡೆಯ ಹೋಟೆಲಿನ ಹಿಂದಿನ ಕೋಣೆಗೆ ಅವನು ಕಾಲಿಟ್ಟಾಗ ಏಳು ಜನ ಗಂಡಸರು ಕನ್ನಡಿಯ ಮುಂದೆ ಸಾಲಾಗಿ ನಿಂತಿದ್ದರು. ಪಾತ್ರೆ ತೊಳೆದ ನೀರಿನ ಬಣ್ಣದ ಚೌಕುಳಿ. ಅದಕ್ಕೆ ಮಂಜಿನ ಕಣಿವೆ ಎಂದು ಹೆಸರಿಟ್ಟವನು ಮಂಜನ್ನೂ ಕಂಡವನಲ್ಲ, ಕಣಿವೆಯನ್ನೂ ಕಂಡವನಲ್ಲ. ಅದು ಹೋಗಲಿ. ಚಪ್ಪಟೆ ಸೆರಗು ಮುಂದಕ್ಕೆ, ನೆರಿಗೆ ಬೆನ್ನಿಗೆ ಇರಬೇಕಾದ ಕಿಲ್ಟನ್ನು ಏಳಕ್ಕೆ ಏಳೂ ಜನ ಹಿಂದುಮುಂದಾಗಿ ಸುತ್ತಿಕೊಂಡಿದ್ದರು. ಹೊಟ್ಟೆಯ ಮೇಲೆ ನೆರಿಗೆಗಳು ಬೀಸಣಿಗೆಯಂತೆ ಅರಳಿದ್ದವು. ಸೊಂಟದಿಂದ ಮುಂದಕ್ಕೆ ತೂಗಬೇಕಾದ ತೊಗಲು ಚೀಲ ಆ ನೆರಿಗೆಗಳ ನಡುವೆ ಪೊದೆಯಲ್ಲಿ ಅಡಗಿದ ಮೊಲದ ಹಾಗೆ ಇಣುಕುತ್ತಿತ್ತು.

"ಯಾರು ಹೇಳಿಕೊಟ್ಟಿದ್ದು?" ಎಂದ ಮರ್ಡೋ, ಮೆಲ್ಲಗೆ.

ಡಂಕನ್ ಎದೆ ಉಬ್ಬಿಸಿದ. "ನಾನು. ಸಂಘದಲ್ಲಿ ಹನ್ನೊಂದು ವರ್ಷ ಹೀಗೇ ಉಟ್ಟಿದೀನಿ. ಚಂದ ಇರೋ ಭಾಗ ಎದುರಿಗಲ್ವೇ ಇರ್ಬೇಕಾದ್ದು?"

"ಹನ್ನೊಂದು ವರ್ಷ! ಯಾರೂ ಏನೂ ಅನ್ನಲಿಲ್ವಾ?"

"ಎಲ್ಲರೂ ಮೆಚ್ಚಿಕೊಂಡ್ರು."

"ಸಂಘ ಅಂದ್ರೆ ಹಾಗಿರ್ಬೇಕು. ಒಮ್ಮೆ ಕೂತ್ಕೊಳ್ಳಿ ನೋಡೋಣ."

ಡಂಕನ್ ಕುರ್ಚಿಯಲ್ಲಿ ಕೂತ. ಹಿಂಬದಿಯ ಸೆರಗು ಬಿಗಿದು, ಮುಂದಿನ ನೆರಿಗೆಯೆಲ್ಲ ಬಾಗಿಲು ತೆರೆದ ಹಾಗೆ ತೆರೆದುಕೊಂಡು, ಸ್ಕಾಟರ ಸಂಘದ ಗುಟ್ಟು ರಟ್ಟಾಯಿತು. ಮದುಮಗ ರೋರಿ ಮೊದಲು ನಕ್ಕ. ಆಮೇಲೆ ತನ್ನದೂ ಅದೇ ಪಾಡೆಂದು ಹೊಳೆದು ಎರಡೂ ಕೈ ಮುಂದೆ ತಂದುಕೊಂಡ.

"ಮಾವ, ಸರಿ ಮಾಡಿಕೊಡ್ತೀರಾ?" ಎಂದ, ಕಿವಿವರೆಗೂ ಕೆಂಪಾಗಿ.

ಮರ್ಡೋ ಅಂಗಿಯ ತೋಳು ಮಡಿಸಿದ. ಒಬ್ಬೊಬ್ಬರನ್ನೇ ಬಿಚ್ಚಿ, ತಿರುಗಿಸಿ, ಬಕಲು ಬಿಗಿದ. ಮೊಳಕಾಲೂರಿ ಕೂರಿಸಿ ಅಂಚು ನೆಲಕ್ಕೆ ಸೋಕಿಯೂ ಸೋಕದಂತೆ ಇದೆಯೇ ಎಂದು ನೋಡಿದ. ಡಂಕನ್ನನದು ನೆಲದ ಮೇಲೆ ರಾಶಿ ಬಿತ್ತು.

"ಮೇಲಕ್ಕೆ ಎತ್ತಿ ಕಟ್ಕೊಳ್ಳಿ. ಇದು ಪಕ್ಕೆಲುಬಿನ ಕೆಳಗೆ ಬರ್ಬೇಕು, ಹೊಟ್ಟೆ ಕೆಳಗಲ್ಲ."

"ನನ್ನ ಹೊಟ್ಟೆ..."

"ಕಾಣ್ತಾ ಇದೆ."

ಕೊನೆಯವನ ಬಕಲು ಬಿಗಿಯುವಾಗ ಲಿನೆಟ್ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಏಳು ಜನರನ್ನೂ ಕಣ್ಣಲ್ಲೇ ಅಳೆದಳು. ಇನ್ನೊಂದು ಗಳಿಗೆ ತಡವಾಗಿದ್ದರೆ ಇನ್ವರ್‌ಡಲ್ಲಿಯ ಅಷ್ಟೂ ಜನರ ಮುಂದೆ, ಆಲಿಕ್‌ನಂಥವರ ಮುಂದೆ, ತನ್ನ ಮನೆತನ ಹಿಂದುಮುಂದಾಗಿ ಮೆರವಣಿಗೆ ಹೋಗುತ್ತಿತ್ತು ಎಂಬುದು ಅವಳಿಗೆ ತಿಳಿಯಿತು. ಆಮೇಲೆ ಮರ್ಡೋನ ಹಸಿರುಕಪ್ಪು ಉಣ್ಣೆಯ ಮೇಲೆ, ಗೆರೆ ಎಳೆದಂತೆ ಬಿದ್ದಿದ್ದ ಆ ಕೈಹೊಲಿಗೆಯ ನೆರಿಗೆಗಳ ಮೇಲೆ ಅವಳ ಕಣ್ಣು ಒಂದಿಷ್ಟು ಹೊತ್ತು ನಿಂತಿತು. ಕೈಯಲ್ಲಿ ಅವನ ಹೆಸರು ಬರೆದ ಬಾಡಿಗೆ ಕಿಲ್ಟಿನ ಪೊಟ್ಟಣವಿತ್ತು.

"ಮಿಸ್ಟರ್ ಗಿಲ್ಲೀಸ್," ಎಂದಳು. "ಒಂದು ದಾರಿ ಇದೆ. ನೀವು ನಿಮ್ಮದನ್ನೇ ಉಟ್ಕೊಂಡು ನಡೀರಿ. ಫೋಟೋದವನಿಗೆ ನಾನು ಹೇಳ್ತೀನಿ. ನಿಮ್ಮನ್ನ ಸೊಂಟದಿಂದ ಮೇಲೆ ಮಾತ್ರ ತೆಗೀತಾನೆ. ಯಾರಿಗೂ ಗೊತ್ತಾಗಲ್ಲ."

ರೋರಿ ತಲೆ ತಗ್ಗಿಸಿದ. ಗೋಡೆಯಾಚೆ ಈಶ್ಬೆಲ್ ಯಾರಿಗೋ ಪಿನ್ನು ಕೊಡು ಎನ್ನುತ್ತಿದ್ದಳು. ಬೆಳಗಿನಿಂದ ಅವಳ ದನಿ ಇಷ್ಟು ಹಗುರಾಗಿ ಕೇಳಿದ್ದು ಇದೇ ಮೊದಲು. ಮರ್ಡೋ ಅದನ್ನು ಕೇಳಿಸಿಕೊಂಡ. ಕೈ ಚಾಚಿ ಪೊಟ್ಟಣ ಇಸಿದುಕೊಂಡು, ಅಂಗೈಯಲ್ಲಿ ತೂಗಿ ನೋಡಿದ. ಕರವಸ್ತ್ರದಷ್ಟು ಭಾರವಿತ್ತು.

"ಸೊಂಟದಿಂದ ಮೇಲೆ ಮಾತ್ರ ಅಪ್ಪ ಆಗಿ ನನಗೆ ಅಭ್ಯಾಸ ಇಲ್ಲ ತಾಯಿ," ಎಂದ. "ಮಗಳಿಗೆ ಮಾತು ಕೊಟ್ಟಿದೀನಿ. ಇದನ್ನೇ ಉಡ್ತೀನಿ."

ಲಿನೆಟ್ ಹೊರಗಡೆ ಕೈ ತೋರಿಸಿದಳು. "ಹಾಗಾದ್ರೆ... ಬಾಡಿಗೆ ಅಂಗಡಿಯವರು ಹೊರಗಿದಾರೆ. ನಿಮ್ಮ ಅಳತೇದರ ಪಟ್ಟಿ ಮಾತ್ರ ಬೇರೆ ಥರ, ಬಕಲಿಲ್ಲ, ಅಂಟಿಸೋದು. ಉಡಿಸೋಕೆ ಒಬ್ಬರನ್ನ ಕಳಿಸ್ಲಾ?"

ಪಕ್ಕದ ಕೋಣೆಯ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಮರ್ಡೋ ತಿರುಗಿದ.

"ಬೇಡಮ್ಮ, ಯಾರೂ ಬೇಡ. ಮಗಳಿಗೋಸ್ಕರ ಸೋಲೋಕೆ ಬಂದಿದೀನಿ, ಅಷ್ಟನ್ನಾದ್ರೂ ನಾನೇ ಮಾಡ್ಕೋತೀನಿ. ಅದಕ್ಕೂ ಬಾಡಿಗೆಯವರು ಬೇಡ."