ಒಬ್ಬನೇ ಹೊರುವಷ್ಟು ದೊಡ್ಡ ಬ್ಯಾಗು

೧೯೯೬ರಲ್ಲಿ ನಾನು ಓದು ನಿಲ್ಲಿಸಿದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಹಾಲ್ ಟಿಕೆಟ್ ಬಂದಿತ್ತು, ಹೋಗಲಿಲ್ಲ. ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಲಾರಿಗೆ ಮಾಲು ಏರಿಸುವ ಕೆಲಸವಿತ್ತು, ಅಲ್ಲಿಗೆ ಹೋದೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಮುಂದೆ, ನರ್ಸ್ ಆಗಿರುವ ಹೆಂಡತಿಯ ವೀಸಾದ ಹಿಂದೆ ನ್ಯೂಜೆರ್ಸಿಗೆ ಬಂದಾಗಲೂ ಭಾರ ಎತ್ತುವ ಕೆಲಸವನ್ನೇ ಹುಡುಕಿಕೊಂಡೆ. ಈಗ ಮನೆ ಸಾಮಾನು ಸಾಗಿಸುವ ಕಂಪನಿ ನನ್ನದೇ. ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಗೆ ಫ್ರಿಜ್ ಏರಿಸಿದ್ದೇನೆ. ಒಂದು ಮಾತು ಹೇಳಬಲ್ಲೆ: ಅಮೆರಿಕದವರ ಸೋಫಾಗಿಂತ ನಮ್ಮವರ ಸ್ಟೀಲ್ ಪಾತ್ರೆಯ ಬಾಕ್ಸು ಭಾರ, ಅದಕ್ಕಿಂತ ಭಾರ ಅವರ ಗ್ರೈಂಡರು.

ಅಂಕಲ್ ಪರಿಚಯವಾದದ್ದೂ ಹಾಗೆಯೇ, ಸಾಮಾನು ಸಾಗಿಸುವಾಗ. ಅವರು ಮೈಸೂರಿನ ಕಡೆಯವರು, ಸೇತುವೆಗಳ ಇಂಜಿನಿಯರ್ ಆಗಿ ನಿವೃತ್ತರಾದವರು. ಹಿಕ್ಸ್‌ವಿಲ್‌ನ ಮನೆ ಮಾರಿ, ಮಗಳಿಗೆ ಹತ್ತಿರವಾಗಲೆಂದು ನಮ್ಮ ನ್ಯೂಜೆರ್ಸಿಯ ಕೆಂಡಲ್ ಪಾರ್ಕಿಗೆ ಬರುತ್ತಿದ್ದರು. ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಉದ್ದನೆಯ ಪೆಟ್ಟಿಗೆಯಿತ್ತು. ನಾನು ಕೈ ಹಾಕಲು ಹೋದೆ.

"ಅದನ್ನ ಮುಟ್ಬೇಡಪ್ಪ, ನಾನೇ ನನ್ನ ಕಾರಲ್ಲಿ ತರ್ತೀನಿ."

"ಏನೈತ್ರಿ ಅಂಕಲ್ ಅದರಾಗ? ವೀಣಾ ಏನು?"

"ಹೂಂ, ವೀಣೆ. ಜಿಂಕೆ ಮಾತ್ರ ಕೇಳೋ ಅಂಥದ್ದು."

ಹಿಂದೆ ಆಫೀಸಿನ ಗೆಳೆಯನೊಬ್ಬ ಅವರಿಗೆ ಬೇಟೆ ಕಲಿಸಿದ್ದನಂತೆ. ಆ ಗೆಳೆಯ ತೀರಿಕೊಂಡ ಮೇಲೆ ಜೊತೆಗೆ ಬರುವವರಿರಲಿಲ್ಲ. "ಊರಲ್ಲಿ ಜಿಂಕೆ ಮುಟ್ಟಿದ್ರೆ ಜೈಲು, ಇಲ್ಲಿ ಲೈಸೆನ್ಸ್ ತಗೊಂಡು ಹೊಡೀರಪ್ಪಾ ಅಂತಾರೆ. ಬರ್ತೀಯೇನೋ?" ಎಂದರು. ಬರುತ್ತೇನೆ ಎಂದೆ. ಲೈಸೆನ್ಸಿಗೆ ಮೊದಲು ಪರೀಕ್ಷೆ ಬರೆಯಬೇಕು ಎಂದಾಗ ಮಾತ್ರ ಹಿಂದೆ ಸರಿದೆ. ಅವರು ಬಿಡಲಿಲ್ಲ. ಭಾನುವಾರದ ಮಧ್ಯಾಹ್ನಗಳಲ್ಲಿ ತಮ್ಮ ಊಟದ ಮೇಜಿನ ಮೇಲೆ ಆ ಪರೀಕ್ಷೆಯ ಇಂಗ್ಲಿಷ್ ಪುಸ್ತಕ ಬಿಚ್ಚಿ, ಒಂದೊಂದು ಪುಟವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದರು. ಅವರ ಹೆಂಡತಿ, ಆಂಟಿ, ಚಹಾ ತಂದಿಟ್ಟು, "ಈ ವಯಸ್ಸಲ್ಲಿ ಮೇಷ್ಟ್ರಾಗೋ ಹುಚ್ಚು ಇವರಿಗೆ" ಎನ್ನುತ್ತಿದ್ದರು. ನಾನು ಪಾಸಾದೆ. ನನ್ನ ಜೀವನದಲ್ಲಿ ಬರೆದು ಪಾಸಾದ ದೊಡ್ಡ ಪರೀಕ್ಷೆ ಅದೊಂದೇ. ಅಂಕಲ್ ಕಿತ್ತಳೆ ಬಣ್ಣದ ಟೋಪಿಯೊಂದನ್ನು ತಂದು ನನ್ನ ತಲೆಗೆ ತಾವೇ ಇಟ್ಟು, "ಘಟಿಕೋತ್ಸವ ಆಯ್ತು ನೋಡು" ಎಂದರು.

ಪ್ರತಿ ನವೆಂಬರಿನಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಗಳಿಗೆ ಹೋಗುತ್ತಿದ್ದೆವು. ರಸ್ತೆಯ ಪಕ್ಕ ಕಾರು ಬಿಟ್ಟು, ಒಳಗೆ ಮೈಲಿಗಟ್ಟಲೆ ನಡೆದು, ಟೆಂಟ್ ಹಾಕಿ ಮಲಗಿ, ಬೆಳಕು ಹರಿಯುವ ಮೊದಲು ಕಾಯುತ್ತ ಕೂರುವುದು. ಜಿಂಕೆ ಸಿಕ್ಕರೆ ಅಲ್ಲೇ ಮೂಳೆ ಬಿಡಿಸಿ, ಮಾಂಸವನ್ನು ಬಟ್ಟೆಯ ಚೀಲಗಳಲ್ಲಿ ಕಟ್ಟಿ, ಬೆನ್ನಿನ ಮೇಲೆ ಹೊತ್ತು ಕೆಳಗೆ ತರಬೇಕು. ಅದರಲ್ಲಿ ಅಂಕಲ್ ಒಂದು ಕಟ್ಟಳೆ ಇಟ್ಟುಕೊಂಡಿದ್ದರು. ಅವರ ಗೆಳೆಯನಿಂದ ಬಂದದ್ದು. ಯಾರ ಗುಂಡಿಗೇ ಬಿದ್ದಿರಲಿ, ಯಾರ ಬ್ಯಾಗಿನಲ್ಲಿ ಕೆಳಗೆ ಬಂತೋ ಆ ಮಾಂಸ ಅವರದು. ತಕ್ಕಡಿ ಇಲ್ಲ, ಚೌಕಾಸಿ ಇಲ್ಲ. ಒಂದು ತೊಡೆ ಅವರಿಗೆ, ಒಂದು ನನಗೆ. ಒಂದು ಮುಂಗಾಲು ಅವರಿಗೆ, ಒಂದು ನನಗೆ. ನನ್ನ ಮನೆಯ ಗ್ಯಾರೇಜಿನಲ್ಲಿ ತಮ್ಮ ಬ್ಯಾಗು ಬಿಚ್ಚಿ ಅವರು ಮಾಂಸ ಹೊರತೆಗೆಯುವಾಗಿನ ಮುಖ ನನಗೆ ಚೆನ್ನಾಗಿ ನೆನಪಿದೆ. ಪಗಾರ ಎಣಿಸುವ ಕೂಲಿಯವನ ಮುಖ ಹಾಗಿರುತ್ತದೆ. ನನಗೆ ಆ ಮುಖ ಗೊತ್ತು, ನಾನೂ ಎಣಿಸಿದವನು.

ಎರಡು ವರ್ಷದ ಹಿಂದೆ ಇಳಿಯುವಾಗ ಅವರು ಬಹಳ ಸಲ ಕೂತರು. ಮೊಣಕಾಲು ಹಿಡಿದುಕೊಂಡು, "ವ್ಯೂ ಚೆನ್ನಾಗಿದೆ" ಎಂದು ನೆಪ ಹೇಳಿ ಕೂರುತ್ತಿದ್ದರು. ನೋಡಲು ಮರದ ಬುಡ ಬಿಟ್ಟು ಅಲ್ಲಿ ಏನೂ ಇರಲಿಲ್ಲ. ಮರುವರ್ಷ ಸೀಸನ್‌ಗೆ ಮೊದಲು ಆಂಟಿ ನನಗೆ ಫೋನ್ ಮಾಡಿದರು. "ನೀನು ಹೇಳಿದ್ರೆ ಕೇಳ್ತಾರೆ. ಈ ಸಲ ಅವರಿಗೆ ಭಾರ ಹೊರೋಕೆ ಬಿಡ್ಬೇಡ ಕಣಪ್ಪ. ಹೋದ ಸಲ ಬಂದು ಒಂದು ವಾರ ಮೆಟ್ಟಿಲು ಹತ್ತಲಿಲ್ಲ." ನಾನು ಆಗಲಿ ಎಂದೆ.

ಅದೇ ಸಮಯಕ್ಕೆ ಹಳೆಯ ಬ್ಯಾಗುಗಳ ಸೊಂಟದ ಪಟ್ಟಿಯೂ ಹರಿದಿತ್ತು. ಹೊಸದು ಕೊಳ್ಳಲು ಇಬ್ಬರೂ ಹೈವೇ ಪಕ್ಕದ ದೊಡ್ಡ ಅಂಗಡಿಗೆ ಹೋದೆವು. ಅಂಕಲ್ ಇಂಥದ್ದರಲ್ಲಿ ಅವಸರದವರಲ್ಲ. ಬ್ಯಾಗನ್ನು ಕಿವಿಯ ಹತ್ತಿರ ಹಿಡಿದು ಬಟ್ಟೆಯನ್ನು ಉಗುರಿನಿಂದ ಕೆರೆಯುವರು. ಕರಕರ ಸದ್ದಾದರೆ ಬೇಡ, ಜಿಂಕೆ ಓಡುತ್ತದೆ. ಜಿಪ್ ಎಳೆದು ಕೇಳುವರು. ಬ್ಯಾಗಿಗೂ ಬೆನ್ನಿನ ಚೌಕಟ್ಟಿಗೂ ನಡುವೆ ಮಾಂಸ ಇಡಲು ಜಾಗವಿದೆಯೇ ಎಂದು ಕೈ ತೂರಿಸಿ ನೋಡುವರು. ಭಾರ ಬೆನ್ನಿಗೆ ಅಂಟಿಕೊಂಡಿರಬೇಕು, ಹಿಂದಕ್ಕೆ ಜೋತರೆ ಎಂಥವನೂ ಸೋಲುತ್ತಾನೆ. ಇದು ನನಗೂ ಗೊತ್ತಿದ್ದ ವಿಷಯ. ಅಂಗಡಿಯ ಗಡ್ಡದ ಯುವಕ ಟೇಪು ಹಿಡಿದು, ಕತ್ತಿನ ಬುಡದ ಉಬ್ಬು ಮೂಳೆಯಿಂದ ಸೊಂಟದ ಮೂಳೆಯವರೆಗೆ ನಮ್ಮಿಬ್ಬರ ಬೆನ್ನನ್ನೂ ಅಳೆದ. ಅಂಕಲ್ ನನಗಿಂತ ಗೇಣುದ್ದ ಎತ್ತರ. ಆದರೆ ಬೆನ್ನಿನ ಅಳತೆ ಇಬ್ಬರದೂ ಒಂದೇ ಬಂತು.

"ನೋಡಿದ್ಯಾ! ಸೇಮ್ ಸೈಜ್!" ಎಂದು ಅಂಕಲ್ ನನ್ನ ಬೆನ್ನಿಗೆ ಹೊಡೆದರು. ಒಂದೇ ಬಗೆಯ ಎರಡು ಮಧ್ಯಮ ಗಾತ್ರದ ಬ್ಯಾಗುಗಳನ್ನು ಕೊಕ್ಕೆಯಿಂದ ಇಳಿಸಿದರು. "ಇವೆರಡು ತಗೊಳ್ಳೋಣ. ನಿನಗೊಂದು, ನನಗೊಂದು."

ನಾನು ಅಷ್ಟರಲ್ಲಿ ಆ ಸಾಲಿನ ಎಲ್ಲಕ್ಕಿಂತ ದೊಡ್ಡ ಬ್ಯಾಗು ಏರಿಸಿಕೊಂಡಿದ್ದೆ. ಭಾರ ಪರೀಕ್ಷಿಸಲೆಂದು ಅಂಗಡಿಯವರು ಮರಳಿನ ಚೀಲಗಳನ್ನು ಇಟ್ಟಿರುತ್ತಾರೆ. ಗಡ್ಡದವನಿಗೆ ಇದ್ದಷ್ಟನ್ನೂ ತುಂಬಿಸು ಎಂದೆ. ತುಂಬಿಸಿದ. ಅಂಗಡಿಯ ಉದ್ದಕ್ಕೂ ನಡೆದೆ, ಮೆಟ್ಟಿಲು ಹತ್ತಿ ಇಳಿದೆ. ಗಡ್ಡದವನು ಸಿಳ್ಳೆ ಹಾಕಿದ. ನನಗೆ ಹಿಗ್ಗಾಯಿತು.

"ಅಂಕಲ್, ನಿಮಗ್ಯಾಕ್ರಿ ಅದು? ಈ ಸಲ ಎಲ್ಲಾ ನಾ ಒಬ್ಬನ ಹೊರ್ತೇನಿ. ನೀವು ಚಹಾದ ಫ್ಲಾಸ್ಕ್ ಹಿಡ್ಕೊಂಡು ಆರಾಮ ಬರ್ರಿ."

ಹೀಗೆ ಹೇಳಿ, ಪಕ್ಕದ ಸಾಲಿನಿಂದ ಒಂದು ಸಣ್ಣ ಬ್ಯಾಗು ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದಕ್ಕೆ ಟಿಫಿನ್ ಬಾಕ್ಸ್ ಹಾಕ್ಕೊಂಡು ಸ್ಕೂಲಿಗೆ ಹೋಗ್ಬಹುದು ಕಣೋ."

"ಹೋಗ್ರಿ ಮತ್ತ. ನನ್ನ ಹಂಗ ನಡುವ ಬಿಡಬ್ಯಾಡ್ರಿ."

ಇಬ್ಬರೂ ನಕ್ಕೆವು. ಅವರು ಮಧ್ಯಮ ಗಾತ್ರದ ಎರಡನ್ನೂ ಮತ್ತೆ ಕೊಕ್ಕೆಗೆ ಹಾಕಿ, ಪಟ್ಟಿಗಳನ್ನು ಮೊದಲಿದ್ದಂತೆ ಸರಿಪಡಿಸಿ, ಸಣ್ಣದನ್ನು ಹಿಡಿದು ಕೌಂಟರಿಗೆ ನಡೆದರು.

ಆಂಟಿ ಹೇಳಿದ್ದಕ್ಕೆ ಹಾಗೆ ಮಾಡಿದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಅರ್ಧ ಮಾತ್ರ ನಿಜ. ಇಂಗ್ಲಿಷಿನಲ್ಲಿ, ನಕಾಶೆ ಓದುವುದರಲ್ಲಿ, ಗುರಿಯಲ್ಲಿ, ಎಲ್ಲದರಲ್ಲೂ ಅವರು ಮುಂದು. ಹೊರುವುದರಲ್ಲಿ ನಾನು ಮುಂದು. ಅದನ್ನು ಅವರು ಒಮ್ಮೆ ಕಣ್ಣಾರೆ ನೋಡಲಿ ಎಂಬ ಆಸೆ ಇತ್ತು. ಕಾಳಜಿ ಮಾಡುತ್ತಿದ್ದೇನೆ ಎಂದುಕೊಂಡೇ ಆ ಆಸೆ ತೀರಿಸಿಕೊಂಡೆ.

ಆ ವರ್ಷ ಜಿಂಕೆ ಬಿದ್ದದ್ದು ಅವರ ಗುಂಡಿಗೇ. ಒಂದೇ ಗುಂಡು. ಎಂದಿನಂತೆ ಅದರ ಕತ್ತಿನ ಮೇಲೆ ಕೈಯಿಟ್ಟು ಕೂತರು. ಮಾಂಸ ಬಿಡಿಸಿ ಚೀಲಗಳಲ್ಲಿ ಕಟ್ಟಿದ ಮೇಲೆ ಅವರು ತಮ್ಮ ಸಣ್ಣ ಬ್ಯಾಗಿನಿಂದ ಫ್ಲಾಸ್ಕು, ಟವೆಲ್ಲು ಎಲ್ಲ ಹೊರಗಿಟ್ಟರು.

"ಒಂದು ಮುಂಗಾಲಿಂದು ಇದರಲ್ಲಿ ಹಿಡಿಸತ್ತಾ ನೋಡೋಣ, ಕೊಡು."

ಅದು ಹಿಡಿಸಲಿಲ್ಲ. ಜಿಪ್ಪು ಅರ್ಧಕ್ಕೆ ನಿಂತಿತು. ಅವರು ಮೊಣಕಾಲೂರಿ, ಮಾಂಸದ ಚೀಲವನ್ನು ಒತ್ತಿ, ಮತ್ತೆ ಜಿಪ್ ಎಳೆಯುತ್ತಿದ್ದರು.

"ಬಿಡ್ರಿ ಅಂಕಲ್, ಹರೀತದ," ಎಂದು ಅದನ್ನು ಅವರ ಕೈಯಿಂದ ತೆಗೆದುಕೊಂಡೆ.

ಟೆಂಟು, ಇಬ್ಬರ ಹಾಸಿಗೆ, ಇಡೀ ಜಿಂಕೆಯ ಮಾಂಸ, ಎಲ್ಲವನ್ನೂ ನಾನೇ ಹೊತ್ತು ಇಳಿದೆ. ಬ್ಯಾಗು ನಿಜಕ್ಕೂ ಒಳ್ಳೆಯದು. ಭಾರವೆಲ್ಲ ಸೊಂಟದ ಮೇಲೆ ಕೂತಿತ್ತು, ಹೆಗಲಿಗೆ ಏನೂ ಇಲ್ಲ. ಬೇರೆ ವರ್ಷಗಳಲ್ಲಿ ಇಳಿಯುವಾಗ ಅಂಕಲ್ ಬಾಯಿ ಮುಚ್ಚುತ್ತಿರಲಿಲ್ಲ. ಮೈಸೂರಿನ ಹಾಸ್ಟೆಲ್ಲಿನ ಕಳ್ಳತನಗಳು, ಆಫೀಸಿನ ಬಾಸ್‌ಗಳು, ಎಲ್ಲ ಬರುತ್ತಿದ್ದವು. ಈ ಸಲ ಹಿಂದಿನಿಂದ ಎಲೆ ತುಳಿಯುವ ಸದ್ದು ಮಾತ್ರ. ತಿರುವಿನಲ್ಲಿ ನಿಂತು ಕೂಗಿದೆ.

"ಸುಸ್ತಾತೇನ್ರಿ ಅಂಕಲ್?"

"ಸುಸ್ತಾಗಕ್ಕೆ ನನ್ನ ಹತ್ರ ಏನಿದೆಯೋ?"

ತಮಾಷೆ ಎಂದುಕೊಂಡು ನಕ್ಕು ಮುಂದೆ ನಡೆದೆ.

ಗ್ಯಾರೇಜಿನಲ್ಲಿ ಮಾಂಸವನ್ನು ಮೇಜಿನ ಮೇಲೆ ಎರಡು ಗುಡ್ಡೆ ಮಾಡಿದೆ. ಅವರ ಗುಡ್ಡೆಯನ್ನು ಕೂಲರ್ ಬಾಕ್ಸಿಗೆ ತುಂಬಲು ಹೋದಾಗ ತಡೆದರು.

"ಬೇಡ. ನಾನು ಹೊತ್ತಿಲ್ಲ."

"ಏನ್ ಅಂತೀರಿ ಅಂಕಲ್? ಹೊಡೆದವರ ನೀವು!"

"ಹೊಡೆಯೋದು ಒಂದು ನಿಮಿಷದ ಕೆಲಸ. ನಮ್ಮ ರೂಲ್ ನಿನಗೂ ಗೊತ್ತಲ್ಲ."

"ರೂಲ್ ಇಟ್ಕೊಂಡವರು ಯಾರ್ರಿ? ನೀವ. ಈ ಸಲ ಮುರೀರಿ."

"ಮುರೀಬಹುದು. ಆಮೇಲೆ ನಾನು ಯಾತಕ್ಕೆ ಬರ್ಲಿ?"

ಕೋಪವಿರಲಿಲ್ಲ ಅವರ ದನಿಯಲ್ಲಿ. ಕೋಪವಿದ್ದಿದ್ದರೆ ಕಾಲು ಹಿಡಿದಾದರೂ ಒಪ್ಪಿಸುತ್ತಿದ್ದೆ. ಫ್ಲಾಸ್ಕಿನಲ್ಲಿ ಉಳಿದ ತಣ್ಣನೆಯ ಚಹಾವನ್ನು ಡ್ರೈವ್‌ವೇಯಲ್ಲಿ ಚೆಲ್ಲಿ, ಕಾರು ಹತ್ತಿ ಹೋದರು.

ಮರುದಿನ ಆಂಟಿಯ ಫೋನು. "ತುಂಬಾ ಥ್ಯಾಂಕ್ಸ್ ಕಣಪ್ಪ. ಮಂಡಿ ನೋವು ಅಂತ ಒಂದು ಮಾತೂ ಅನ್ಲಿಲ್ಲ, ನೀಟಾಗಿ ಮೆಟ್ಟಿಲು ಹತ್ತಿದ್ರು. ಪಾಪ, ಜಿಂಕೆ ಸಿಗ್ಲಿಲ್ವಂತೆ?"

ಅಂಥ ಗುರಿ ಹೊಡೆದ ಮನುಷ್ಯ, ಮನೆಗೆ ಹೋಗಿ ಜಿಂಕೆಯೇ ಸಿಗಲಿಲ್ಲ ಎಂದು ಹೇಳಿದ್ದರು.

"ಹೌದ್ರಿ ಆಂಟಿ," ಎಂದೆ. "ಸಿಗಲಿಲ್ಲ."

ಆ ಮಾಂಸವನ್ನು ನಾವು ತಿಂದೆವು. ತಿನ್ನದೆ ಬಿಸಾಡಿದರೆ ಇನ್ನೂ ದೊಡ್ಡ ತಪ್ಪಾಗುತ್ತಿತ್ತು. ಚಳಿಗಾಲ ಪೂರ್ತಿ ಅದರ ಸಾರು ತಟ್ಟೆಗೆ ಬಂದಾಗಲೆಲ್ಲ ನನಗೆ ಅರ್ಧಕ್ಕೇ ಹೊಟ್ಟೆ ತುಂಬುತ್ತಿತ್ತು. ನಡೆದದ್ದನ್ನು ಹೆಂಡತಿಗೆ ಹೇಳಿದೆ. ಅವಳು ಆಸ್ಪತ್ರೆಯಲ್ಲಿ ದಿನವೂ ಮುದುಕರನ್ನು ನೋಡುವವಳು. "ತಾವ ಎದ್ದು ನಿಲ್ಲೋರನ್ನ ನಾವು ಎಬ್ಬಸೂದಿಲ್ಲ. ಅವರು ಏಳೂತನಾ ಮಗ್ಗಲಕ್ಕ ನಿಂತಿರ್ತೇವಿ, ಅಷ್ಟ," ಎಂದಳು. ಅಷ್ಟಕ್ಕೇ ನಾನು ಎರಡು ದಿನ ಅವಳೊಂದಿಗೆ ಮಾತು ಬಿಟ್ಟೆ.

ಈ ವರ್ಷ ಅಕ್ಟೋಬರಿನಲ್ಲಿ ಅದೇ ಅಂಗಡಿಗೆ ಹೋಗಿ, ಅವರು ಅಂದು ಕೊಕ್ಕೆಗೆ ಮರಳಿಸಿದ್ದ ಮಧ್ಯಮ ಗಾತ್ರದ ಬ್ಯಾಗನ್ನೇ ತಂದೆ. ಖಾಲಿ ಬ್ಯಾಗು ಬೆನ್ನಿಗೆ ಸರಿಯಾಗಿ ಕೂರುವುದಿಲ್ಲವೆಂದು ಐಸೆಲಿನ್‌ನ ಇಂಡಿಯನ್ ಅಂಗಡಿಯಲ್ಲಿ ಸೋನಾ ಮಸೂರಿ ಅಕ್ಕಿಯ ಒಂದು ಚೀಲ ಕೊಂಡು ಅದರೊಳಗಿಟ್ಟೆ. ಕೆಂಡಲ್ ಪಾರ್ಕಿಗೆ ಹೋದಾಗ ಅಂಕಲ್ ಅಂಗಳದಲ್ಲಿ ಎಲೆ ಗುಡಿಸುತ್ತಿದ್ದರು.

"ಏನೋ ಇದು?"

"ನಿಮ್ಮ ಬ್ಯಾಗ್ ರಿ. ಸೇಮ್ ಸೈಜ್. ಅಂಕಲ್, ಅವತ್ತ ನಾ ತಪ್ಪ ಮಾಡಿದೆ. ಈ ಸಲ ಅರ್ಧಾ ನಿಮ್ಮದು, ಅರ್ಧಾ ನನ್ನದು. ಎಷ್ಟ ಸಲ ಬೇಕೋ ಅಷ್ಟ ಸಲ ಕೂತು ಬರೋಣ."

ಅವರು ಪೊರಕೆ ಗೋಡೆಗಾನಿಸಿ ಬ್ಯಾಗು ಏರಿಸಿಕೊಂಡರು. ಮೊದಲು ಸೊಂಟದ ಪಟ್ಟಿ, ಆಮೇಲೆ ಹೆಗಲು, ಕೊನೆಗೆ ಎದೆಯ ಕೊಂಡಿ; ನನಗೆ ಕಲಿಸಿದ ಕ್ರಮದಲ್ಲೇ ಬಿಗಿದರು. ಡ್ರೈವ್‌ವೇ ಇಳಿದು ಮೇಲ್‌ಬಾಕ್ಸಿನವರೆಗೆ ಹೋಗಿ, ಅದನ್ನು ಮುಟ್ಟಿ, ತಿರುಗಿ ಬಂದರು. ನಾನು ಅವರ ಕಾಲನ್ನು ನೋಡಬಾರದೆಂದು ಎಲೆಗಳನ್ನು ನೋಡುತ್ತಿದ್ದೆ.

"ಬ್ಯಾಗ್ ಚೆನ್ನಾಗಿದೆ," ಎಂದರು, ಉಸಿರು ಹಿಡಿದುಕೊಂಡು. "ವಾಪಸ್ ಕೊಟ್ಬಿಡು."

"ಅಂಕಲ್..."

"ನಿನ್ನ ಮೇಲೆ ಸಿಟ್ಟಿಲ್ಲಪ್ಪ, ನಿಜವಾಗ್ಲೂ. ವಯಸ್ಸಾಗಿದೆ ಅಂತ ನನಗೆ ಗೊತ್ತಿತ್ತು. ಆಗಲ್ಲ ಅಂತ ಗೊತ್ತಿರಲಿಲ್ಲ. ನೀನು ಅಂಗಡೀಲಿ ಹೇಳಿದ್ಮೇಲೆ ಗೊತ್ತಾಯ್ತು. ಈಗ ನೀನು ಅಲ್ಲ ಅಂದ್ರೂ ಅದು ಹೋಗಲ್ಲ."

ಅವರು ಬ್ಯಾಗು ಬಿಚ್ಚಿ ಅಕ್ಕಿಯ ಚೀಲವನ್ನು ಹೊರಗೆಳೆದು ಬಾಗಿಲ ಬಳಿ ಇಟ್ಟರು.

"ಅಕ್ಕಿ ಮಾತ್ರ ನಂದು. ಮೇಲ್‌ಬಾಕ್ಸಿಗೆ ಹೋಗಿ ಬರೋವರೆಗೂ ಹೊತ್ತದ್ದು ನಾನೇ ಅಲ್ವಾ?"

ಆಂಟಿ ಒಳಗಿನಿಂದ, "ಯಾರ್ರೀ ಬಂದಿರೋದು? ಕಾಫಿ ಇಡ್ಲಾ?" ಎಂದು ಕೂಗಿದರು. ಕಾಫಿ ಕುಡಿದೆ. ಜಿಂಕೆಯ ಮಾತು ಯಾರೂ ಎತ್ತಲಿಲ್ಲ.

ನವೆಂಬರ್ ಬಂದು ಹೋಯಿತು. ಲೈಸೆನ್ಸ್ ಮಾಡಿಸಿದ್ದೆ, ಬೆಟ್ಟಕ್ಕೆ ಹೋಗಲಿಲ್ಲ. ಬ್ಯಾಗು ಅಂಗಡಿಗೆ ವಾಪಸ್ ಕೊಡಲೂ ಮನಸ್ಸಾಗಲಿಲ್ಲ. ಈಗ ನನ್ನಲ್ಲಿರುವುದು ಇಷ್ಟು: ಎರಡು ವ್ಯಾನು, ನಾಲ್ಕು ಜನ ಕೆಲಸಗಾರರು, ಒಂದು ಮನೆ, ಒಂದು ಬಂದೂಕು, ಎರಡು ಬ್ಯಾಗು.