ಹದಿನೈದು ದಿನದ ಎಲ್ ನಿನೊ

ನ್ಯಾಮತಿಯ ಹೈಸ್ಕೂಲಿನಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ. ಹೋದ ವರ್ಷ ಮೇ ತಿಂಗಳಲ್ಲಿ ಹೊನ್ನಾಳಿಯಲ್ಲೊಂದು ರೈತರ ಸಭೆ ನಡೆಯಿತು. ಸಾಸ್ವೆಹಳ್ಳಿ ಹತ್ತಿರ ನಮ್ಮದೂ ಒಂದು ತುಂಡು ಹೊಲ ಇರುವುದರಿಂದ ನಾನೂ ಹೋಗಿದ್ದೆ. ಸಭೆ ಕರೆದಿದ್ದವನು ಒಬ್ಬ ಬೀಜದ ವ್ಯಾಪಾರಿ. ಮೊಬೈಲಿನಲ್ಲಿದ್ದ ಗ್ರಾಫಿನ ಗೆರೆಯೊಂದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, "ನೋಡ್ರಿ, ಹೆಂಗೆ ಬಿದ್ದೈತೆ! ಎಲ್ ನಿನೊ ಬಂತು. ಈ ಸಲ ಮಳೆ ಇಲ್ಲ. ಹಳೇ ಬೀಜ ಬಿತ್ತಾಕೆ ಹೋಗ್ಬ್ಯಾಡ್ರಿ, ನಮ್ಮ ತಳಿ ತಗೊಳ್ರಿ" ಎಂದ.

ನಾನು ಎದ್ದು ನಿಂತೆ. "ಇದು ಎಷ್ಟು ದಿನದ ಗೆರೆ?"

"ಹದಿನೈದು ದಿನದ್ದು ಮೇಡಮ್ಮೋರೆ."

ಮೈ ಉರಿಯಿತು. ಪೆಸಿಫಿಕ್ ಸಾಗರದ ತಹೀತಿ ದ್ವೀಪದಲ್ಲೂ ಆಸ್ಟ್ರೇಲಿಯಾದ ಡಾರ್ವಿನ್ ಊರಿನಲ್ಲೂ ಗಾಳಿಯ ಒತ್ತಡ ಅಳೆದು, ಆ ಎರಡರ ವ್ಯತ್ಯಾಸದಿಂದ ತೆಗೆಯುವ ಅಂಕಿಯ ಗೆರೆ ಅದು. ತಹೀತಿಯ ಪಕ್ಕ ಒಂದು ಬಿರುಗಾಳಿ ಹಾದುಹೋದರೂ ಸಾಕು, ಅಲ್ಲಿ ಒತ್ತಡ ಇಳಿದು ಅಂಕಿ ಕುಸಿಯುತ್ತದೆ. ಗಾಳಿ ದಾಟಿ ಹೋದ ಮೇಲೆ ಮತ್ತೆ ಏರುತ್ತದೆ. ಎಲ್ ನಿನೊ ಅನ್ನಬೇಕಾದರೆ ಆ ಸಾಗರದ ನೀರೇ ತಿಂಗಳುಗಟ್ಟಲೆ ಬಿಸಿಯಾಗಿರಬೇಕು. ಬಂದರೂ ನಮ್ಮಲ್ಲಿ ಮಳೆ ಇಲ್ಲವೇ ಇಲ್ಲ ಎಂದು ಹೇಳಲಾಗದು. ಇದನ್ನೆಲ್ಲ ಹೇಳಿದೆ.

"ಪಾಠ ಇಸ್ಕೂಲಾಗೆ ಮಾಡ್ರಿ," ಎಂದ ಅವನು. ಜನ ನಕ್ಕರು. ಅವಮಾನದಿಂದ ಹೊರಗೆ ಬಂದು ಬಸ್ಸು ಹತ್ತಿದೆ.

ಮರುವಾರ ಅವನು ಜಗಳೂರು ಕಡೆಯ ಸೊಕ್ಕೆಗೂ ಹೋದ. ಅದು ನನ್ನ ಅಕ್ಕನ ಊರು. ಅತ್ತೆಯ ಕಾಲದಿಂದ ಉಳಿಸಿಕೊಂಡು ಬಂದ ಶೇಂಗಾ ಬೀಜವನ್ನು ಅಕ್ಕ ಅವನ ಮಾತು ಕೇಳಿ, ಈ ಸಲ ಬಿತ್ತುವುದೇ ಬೇಡವೆಂದು ಎಣ್ಣೆ ಗಿರಣಿಗೆ ಕೊಟ್ಟುಬಿಟ್ಟಳು; ಅವನ ತಳಿಯನ್ನೂ ಕೊಳ್ಳಲಿಲ್ಲ. ಜೂನ್ ನಡುವೆ ಹದವಾದ ಮಳೆ ಬಂತು. ಅಕ್ಕ ಫೋನು ಮಾಡಿದಳು.

"ಮಳೆ ಬಂದೈತೆ ಕಣೆ. ಬಿತ್ತಾಕೆ ನಮ್ಮ ಬೀಜ ಇಲ್ಲ."

ನಾನು ಹೊನ್ನಾಳಿಯ ಸಭೆಯ ಕಥೆ ಹೇಳಿದೆ.

"ಅಷ್ಟು ಜನದ ಮುಂದೆ ಹೇಳ್ದೋಳು, ನನಗೊಂದು ಫೋನ್ ಮಾಡಾಕೆ ಏನಾಗಿತ್ತು?"

ನಕ್ಕವರ ಮೇಲೆ ಮುನಿಸಿಕೊಂಡು ಕೂತವಳಿಗೆ ಅಕ್ಕನ ನೆನಪೇ ಆಗಿರಲಿಲ್ಲ. ಮಳೆ ಬಂದೇ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ, ನಿಜ. ಆದರೆ ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಮಾರಿದ್ದು ಮೋಸ. ಅದನ್ನು ಈಗಲೂ ಕ್ಷಮಿಸಲಾರೆ.

ಅಕ್ಕ ಮನೆಮನೆ ತಿರುಗಿದಳು. ಅದೇ ಬೀಜ ಇಟ್ಟುಕೊಂಡಿದ್ದ ಮುದುಕಿಯೊಬ್ಬಳು ನಾಲ್ಕು ಸೇರು ಕೊಟ್ಟಳು. ತಡವಾಗಿ ಬಿತ್ತಿದ್ದರಿಂದ ಬೆಳೆ ತೆಳುವಾಗಿ ಬಂತು. ದೀಪಾವಳಿಗೆ ಹೋದಾಗ ನಾನು ಒಂದು ಶೇಂಗಾಕಾಯಿ ಸುಲಿಯಲು ಕೈ ಹಾಕಿದೆ. ಅಕ್ಕ ಕೈಗೆ ಬಡಿದಳು. "ಮುಟ್ಟಬ್ಯಾಡ. ಬೀಜಕ್ಕೆ ಇಟ್ಟೀನಿ."