ಸುಮ್ಮನಿದ್ದವರ ನಾಡಿ

ಆಂಬುಲೆನ್ಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಉಗುರಕ್ಕ ಎಂದೇ ಕರೆಯುತ್ತಿದ್ದರು. ಗಾಯಾಳುಗಳನ್ನು ಆಸ್ಪತ್ರೆ ಮುಟ್ಟಿಸುವ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಯಾರ ಕೈ ಸಿಕ್ಕಿದರೂ ಉಗುರನ್ನು ಒತ್ತಿ ಬಿಟ್ಟು, ಬಿಳಚಿದ್ದು ಎಷ್ಟು ಬೇಗ ಕೆಂಪಾಗುತ್ತದೆ ಎಂದು ನೋಡುವುದು ಅವಳಿಗೆ ಚಟವಾಗಿಬಿಟ್ಟಿತ್ತು. ಎರಡು ಸೆಕೆಂಡಿನೊಳಗೆ ಕೆಂಪಾದರೆ ಸಮಾಧಾನ. ತಡವಾದರೆ ರಕ್ತ ಅಲ್ಲಿಯವರೆಗೆ ಬರುತ್ತಿಲ್ಲವೇನೋ ಎಂಬ ಅನುಮಾನ. ಮನೆಗೆ ಬಂದ ನೆಂಟರಿಗೆ ನೀರಿನ ಲೋಟ ಕೊಡುವಾಗಲೂ ಅವರ ಉಗುರು ಒತ್ತಿ ಅತ್ತೆಯಿಂದ ಬೈಸಿಕೊಂಡಿದ್ದಳು.

ಗಂಡ ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನು, ಮಾತು ಕಡಿಮೆ. ಆ ಮನೆಯ ಮಾತನ್ನೆಲ್ಲ ಗುತ್ತಿಗೆ ಹಿಡಿದವರು ಅವನ ಅಣ್ಣ. ಈ ಭಾವ ನೋಂದಣಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾಗಿದ್ದರು. ನಿವೃತ್ತಿ ಸಿಕ್ಕಿದ್ದು ಕುರ್ಚಿಗೆ ಮಾತ್ರ, ಗಂಟಲಿಗಲ್ಲ.

ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಸೇತುವೆಯ ತಿರುವಿನಲ್ಲಿ ಸಿಮೆಂಟ್ ಲಾರಿಯೊಂದು ಸಿಟಿ ಬಸ್ಸಿಗೆ ಗುದ್ದಿತು. ಮೊದಲು ತಲುಪಿದ್ದು ಉಗುರಕ್ಕನ ವಾಹನ. ಎರಡನೆಯದು ಬರಲು ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಅವಳು ಕೆಳಗಿಳಿಯುವ ಮೊದಲೇ ಪರಿಚಿತ ಗಂಟಲು ಕೇಳಿಸಿತು.

"ಏನಮ್ಮಾ, ಇಲ್ಲಿ! ಇಲ್ಲಿ ನೋಡು! ಸತ್ತೇ ಹೋದೆ ನಾನು!"

ಆ ಬಸ್ಸಿನಲ್ಲೇ ಇದ್ದ ಭಾವ ಈಗ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತಿದ್ದರು. ತಲೆಯ ಚರ್ಮ ಸೀಳಿ, ಮುಖ, ಅಂಗಿ ಎಲ್ಲ ಕೆಂಪು. ಹತ್ತಾರು ಜನ ಸುತ್ತ ನಿಂತಿದ್ದರು. ಅವಳು ದಪ್ಪ ಬಟ್ಟೆಯಿಟ್ಟು ಗಾಯವನ್ನು ಗಟ್ಟಿಯಾಗಿ ಅದುಮಿ ಪಟ್ಟಿ ಸುತ್ತಿದಳು. ಕತ್ತು, ಕೈಕಾಲು ನೋಡಿದಳು, ಪ್ರಶ್ನೆ ಕೇಳಿದಳು. ನಾಡಿ ಎಂಬತ್ತೆಂಟು, ತುಂಬಿಕೊಂಡು ಹೊಡೆಯುತ್ತಿತ್ತು. ಕೈ ಬೆಚ್ಚಗಿತ್ತು. ಉಗುರು ಒತ್ತಿ ಬಿಟ್ಟ ಕೂಡಲೇ ಕೆಂಪಾಯಿತು.

"ಭಾವ, ನೀವು ಚೆನ್ನಾಗಿದ್ದೀರಿ."

"ಚೆನ್ನಾಗಿದ್ದೀನಾ? ಅಂಗಿ ನೋಡೇ!"

ಅಂಗಿಯನ್ನು ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ಕಟ್ಟೆಯ ಇನ್ನೊಂದು ತುದಿಯಲ್ಲಿ ಐವತ್ತು ದಾಟಿದ ತೆಳ್ಳನೆಯ ಮನುಷ್ಯರೊಬ್ಬರು ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವರದು. ಒಂದು ಹನಿ ರಕ್ತ ಇಲ್ಲ, ಹಾಗಾಗಿ ಸುತ್ತ ಒಬ್ಬರೂ ಇರಲಿಲ್ಲ. ಒಬ್ಬ ಹೆಂಗಸು ಮಾತ್ರ ನೀರಿನ ಬಾಟಲಿ ಹಿಡಿದು ನಿಂತಿದ್ದಳು.

"ನನಗೇನೂ ಆಗಿಲ್ಲಮ್ಮ. ಪಾಪ, ಅವರನ್ನ ನೋಡಿ," ಎಂದರು ಅವರು. "ಸ್ವಲ್ಪ ಬಾಯಾರಿಕೆ, ಅಷ್ಟೆ."

ಆ ಬಾಯಾರಿಕೆ ಅವಳ ಕಿವಿ ನೆಟ್ಟಗಾಗಿಸಿತು. ಮುಖ ಹಳೇ ಕಾಗದದ ಬಣ್ಣ. ಹಣೆ ಮೇಲೆ ತಣ್ಣನೆಯ ಬೆವರು. ಮಣಿಕಟ್ಟು ಹಿಡಿದರೆ ನಾಡಿ ನೂರಾ ಮೂವತ್ತು, ದಾರದ ಹಾಗೆ ಸಣ್ಣ. ಉಗುರು ಒತ್ತಿ ಬಿಟ್ಟಳು. ಒಂದು, ಎರಡು, ಮೂರು, ನಾಲ್ಕು. ಬೆರಳು ಇನ್ನೂ ಬಿಳಿ. ಎಡ ಪಕ್ಕೆಲುಬಿನ ಕೆಳಗೆ ಮುಟ್ಟಿದಾಗ ಅವರು ಹಲ್ಲು ಕಚ್ಚಿದರು. ಮುಂದಿನ ಸೀಟಿನ ಕಂಬಿ ಅಲ್ಲಿಗೇ ಬಡಿದಿತ್ತು.

ಅವಳು ಬಾಟಲಿ ಕಸಿದುಕೊಂಡು, ಒದ್ದೆ ಬಟ್ಟೆಯಿಂದ ತುಟಿಯನ್ನಷ್ಟೇ ಒರೆಸಿದಳು. "ಅಯ್ಯೋ, ಸಾಯೋನಿಗೂ ನೀರು ಕೊಡಬಾರದಾ?" ಎಂದು ಹೆಂಗಸು ಬೆಚ್ಚಿದಳು.

"ಸಾಯಬಾರದು ಅಂತಲೇ ಕೊಡ್ತಿಲ್ಲ. ಇವರಿಗೆ ಆಪರೇಷನ್ ಬೇಕಾಗುತ್ತೆ."

ಸ್ಟ್ರೆಚರ್ ತನ್ನ ಮುಂದೆ ಹಾದುಹೋದಾಗ ಭಾವ ಎದ್ದು ನಿಂತೇ ಕೂಗಿದರು. "ಏನೂ ಆಗದೇ ಇರೋನಿಗೆ ಗಾಡಿ! ಮನೆಯವನಿಗೆ ಕಟ್ಟೆ!"

"ಇನ್ನೊಂದು ಗಾಡಿ ಬರುತ್ತೆ ಭಾವ. ಪಟ್ಟಿ ಮೇಲೆ ಕೈ ಅದುಮಿಟ್ಟುಕೊಂಡು ಕೂತ್ಕೊಳಿ," ಎಂದು ಪಕ್ಕದ ಪೊಲೀಸ್ ಪೇದೆಗೆ ಅವರನ್ನು ಒಪ್ಪಿಸಿ ಅವಳು ಬಾಗಿಲು ಎಳೆದುಕೊಂಡಳು.

ದಾರಿಯಲ್ಲಿ ಆಮ್ಲಜನಕ ಕೊಟ್ಟು, ಅಂಗಾತ ಮಲಗಿಸಿ, ಕುತ್ತಿಗೆಯವರೆಗೆ ಕಂಬಳಿ ಹೊದಿಸಿದಳು. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಸೋರಿಕೆ ನಿಲ್ಲುವುದಿಲ್ಲ. ಸಲೈನ್ ಹಚ್ಚಿದ್ದು ಗಾಡಿ ಓಡುತ್ತಿರುವಾಗಲೇ, ಅದೂ ನಾಡಿ ಕೈಗೆ ಸಿಗುವಷ್ಟು ಮಾತ್ರ. ಒಳಗೆ ಸೋರುತ್ತಿರುವವರಿಗೆ ಸಿಕ್ಕಾಪಟ್ಟೆ ನೀರು ತುಂಬಿದರೆ ಇದ್ದ ರಕ್ತವೂ ತೆಳುವಾಗುತ್ತದೆ. ಅರ್ಧ ದಾರಿಯಲ್ಲಿ ಆ ಸೌಮ್ಯ ಮನುಷ್ಯ ಆಮ್ಲಜನಕದ ಮಾಸ್ಕ್ ಕಿತ್ತೆಸೆದು, ಅವಳ ತಾಯಿಯನ್ನೂ ಸೇರಿಸಿ ಬೈಯತೊಡಗಿದರು. ಅವಳಿಗೆ ನಿಜವಾಗಿ ಹೆದರಿಕೆಯಾಗಿದ್ದು ಆಗ. ಮಿದುಳಿಗೂ ರಕ್ತ ಸಾಲುತ್ತಿಲ್ಲ ಎಂದರ್ಥ. ಮಾಸ್ಕ್ ಮತ್ತೆ ಹಾಕಿ, ಆಸ್ಪತ್ರೆಗೆ ಫೋನ್ ಮಾಡಿದಳು: "ಹೊಟ್ಟೆಯೊಳಗೆ ರಕ್ತಸ್ರಾವ, ಶಾಕ್‌ನಲ್ಲಿದ್ದಾರೆ. ಆಪರೇಷನ್ ಥಿಯೇಟರ್ ಮತ್ತು ರಕ್ತ ರೆಡಿ ಇಡಿ."

ಆಸ್ಪತ್ರೆ ಬಾಗಿಲಲ್ಲಿ, ಸುದ್ದಿ ತಿಳಿದು ಓಡಿ ಬಂದಿದ್ದ ಅವರ ಹೆಂಡತಿ ಅವಳ ಕೈ ಹಿಡಿದುಕೊಂಡರು. "ಶಾಕ್ ಅಂತ ಯಾರೋ ಅಂದ್ರು. ಬಸ್ಸಲ್ಲಿ ಕರೆಂಟ್ ಎಲ್ಲಿಂದ ಬಂತು?"

"ಆ ಶಾಕ್ ಅಲ್ಲಮ್ಮ. ಟ್ಯಾಂಕಿನ ನೀರು ಕಡಿಮೆಯಾದ್ರೆ ಎಲ್ಲ ನಲ್ಲಿಗೂ ನೀರು ಬರೋದಿಲ್ಲವಲ್ಲ? ಹಾಗೆ. ಮೈಯಲ್ಲಿ ರಕ್ತ ಕಡಿಮೆಯಾಗಿದೆ. ಮೊದಲು ಕೈಕಾಲಿನ ನಲ್ಲಿ ನಿಲ್ಲಿಸಿ, ಎದೆಗೆ ತಲೆಗೆ ಕಳಿಸುತ್ತೆ ದೇಹ. ಅದಕ್ಕೇ ಕೈ ತಣ್ಣಗಾಗೋದು."

ಎಡ ಪಕ್ಕೆಲುಬಿನ ಕೆಳಗೆ ಒಡೆದಿದ್ದ ಗುಲ್ಮವನ್ನು, ಅಂದರೆ ಸ್ಪ್ಲೀನನ್ನು, ವೈದ್ಯರು ತೆಗೆದರು. ಗಾಜು ಉಜ್ಜುವವರು ಬದುಕಿದರು. ಭಾವನಿಗೆ ಬಿದ್ದಿದ್ದು ಆರು ಹೊಲಿಗೆ.

ಮೂರನೇ ದಿನ ಅವಳಿಗೆ ಆಂಬುಲೆನ್ಸ್ ಕಚೇರಿಯಿಂದ ನೋಟಿಸು ಬಂತು. ರಕ್ತ ಸುರಿಯುತ್ತಿದ್ದ ಹಿರಿಯ ನಾಗರಿಕರೊಬ್ಬರಿಗೆ 'ನೀವು ಚೆನ್ನಾಗಿದ್ದೀರಿ' ಎಂದು ಹೇಳಿ ಅವಮಾನ ಮಾಡಿದ್ದೇಕೆ? ದೂರಿನ ಕೆಳಗೆ ಭಾವನ ದುಂಡನೆಯ ಸಹಿ. ಗಂಡ ಅದನ್ನು ಎರಡು ಸಲ ಓದಿ, "ಸ್ವಲ್ಪ ಮೆತ್ತಗೆ ಹೇಳಬಹುದಿತ್ತೇನೋ" ಎಂದ. ಅವಳು ಇಬ್ಬರ ನಾಡಿಯ ಅಂಕಿಗಳನ್ನು ಬರೆದು ಉತ್ತರ ಕೊಟ್ಟಳು.

ಉತ್ತರ ಮೇಜಿನಿಂದ ಮೇಜಿಗೆ ತೆವಳುತ್ತಿರುವಾಗ ಪತ್ರಿಕೆಯವರು ಆಸ್ಪತ್ರೆಗೆ ಹೋದರು. ಗಾಜು ಉಜ್ಜುವವರು ಹಾಸಿಗೆಯಿಂದ ಹೇಳಿದ್ದು ಇಷ್ಟೇ: "ಪಕ್ಕದಲ್ಲಿ ರಕ್ತದಲ್ಲಿ ತೊಯ್ದ ದೊಡ್ಡವರೊಬ್ಬರಿದ್ರು. ಅವರನ್ನ ಬಿಟ್ಟು ನನ್ನ ಕಳಿಸಿದ್ರು." ಮರುದಿನ ಅದು 'ತನ್ನ ಸರದಿ ಬಿಟ್ಟುಕೊಟ್ಟ ಹಿರಿಯ ಜೀವ' ಎಂದು ಪಟ್ಟಿ ಸುತ್ತಿದ ತಲೆಯ ಫೋಟೋ ಸಮೇತ ಅಚ್ಚಾಯಿತು.

ಭಾವ ಒಂದು ದಿನ ಮಂಕಾಗಿದ್ದರು. ಎರಡನೇ ದಿನ ಫೋನುಗಳಿಗೆ ಉತ್ತರ ಕೊಟ್ಟರು. ಮೂರನೇ ದಿನಕ್ಕೆ ಎಲ್ಲ ನೆನಪಾಗಿಬಿಟ್ಟಿತ್ತು. ಬಡಾವಣೆಯ ಸಂಘದವರು ಸನ್ಮಾನಪತ್ರ ಕೊಟ್ಟ ಸಭೆಯಲ್ಲಿ ಮೈಕು ಹಿಡಿದು ಹೇಳಿದರು: "ನಾನೇ ಅಂದೆ, 'ನನ್ನ ಬಿಡಮ್ಮ, ಸುಮ್ಮನಿರೋರನ್ನ ಮೊದಲು ನೋಡು' ಅಂತ." ಹಿಂದಿನ ಸಾಲಿನಲ್ಲಿ ಕೂತಿದ್ದ ಉಗುರಕ್ಕ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಒಂದೇ ಗಾಡಿಯನ್ನು ಬಿಟ್ಟುಕೊಟ್ಟವರೂ ಅದರಿಂದ ವಂಚಿತರೂ ಏಕಕಾಲಕ್ಕೆ ಆಗಲಾಗದ ಕಾರಣ ಭಾವ ದೂರು ವಾಪಸು ಪಡೆದರು. ಕಚೇರಿಯವರು ಕಡತ ಮುಚ್ಚಿ, ಇನ್ನು ಮುಂದೆ ನಯವಾಗಿ ಮಾತಾಡಬೇಕೆಂದು ಅವಳಿಗೆ ಬುದ್ಧಿ ಹೇಳಿದರು.

ಗುಣವಾದ ಮೇಲೆ ಗಾಜು ಉಜ್ಜುವವರು ನಿಲ್ದಾಣಕ್ಕೆ ಬಂದರು. "ಗಾಡಿಯಲ್ಲಿ ಆಗಿದ್ದು ಒಂದೂ ನೆನಪಿಲ್ಲ. ನಾನೇನಾದ್ರೂ ತಪ್ಪು ಮಾತಾಡಿದ್ನಾ?"

"ಇಲ್ಲ ಸಾರ್. ತುಂಬ ಮರ್ಯಾದೆಯಿಂದ ಇದ್ರಿ."

ಇತ್ತ ಭಾವ ಸಿಕ್ಕವರಿಗೆಲ್ಲ ಪಾಠ ಶುರುಮಾಡಿದ್ದರು. ಹೇಳಿಕೊಂಡ ಕಥೆಗೆ ತಕ್ಕಂತೆ ವಿಷಯ ತಿಳಿದಿರಬೇಕಲ್ಲ? ಸಂಜೆ ಬಂದು, "ಅದೇನು, ಉಗುರು ಎಷ್ಟು ಹೊತ್ತು ಒತ್ತಬೇಕು?" ಎಂದು ಅವಳನ್ನೇ ಕೇಳಿಕೊಂಡು ಹೋಗುತ್ತಿದ್ದರು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವರಿಂದಲೇ ಕರೆ ಬಂತು. ಎದುರು ಮನೆಗೆ ಬಣ್ಣ ಹೊಡೆಯುವವನು ಅಟ್ಟಣಿಗೆಯಿಂದ ಬಿದ್ದಿದ್ದ. ಅವಳು ಹೋಗಿ ನೋಡಿದರೆ ಅವನನ್ನು ಅಂಗಾತ ಮಲಗಿಸಿ, ಹೊದಿಸಿ, ನೀರು ತಂದವರನ್ನು ಗೇಟಿನಾಚೆ ಅಟ್ಟಿದ್ದರು. "ತೊಡೆ ಮೂಳೆ ಮುರಿದಿದೆ, ಅಲುಗಾಡಿಸಿಲ್ಲ. ಕೂಗೋದು ನಿಲ್ಲಿಸಿದ್ದಾನೆ, ಕೈ ತಣ್ಣಗಿದೆ, ಉಗುರಿಗೆ ನಾಲ್ಕು ಸೆಕೆಂಡು," ಎಂದು ಭಾವ ಒದರಿದರು. ಒಂದಕ್ಷರ ತಪ್ಪಿರಲಿಲ್ಲ. ಆ ತೊಡೆಯೊಳಗೆ ಒಂದು ಲೀಟರಿಗೂ ಮಿಕ್ಕಿ ರಕ್ತ ಸೋರಿತ್ತು. ಹುಡುಗ ಉಳಿದ.

"ಸರಿಯಾಗಿ ಮಾಡಿದ್ದೀರಿ, ಭಾವ," ಎಂದಳು ಅವಳು, ಮನಸಾರೆ. ಅದು ಅವರಿಗೆ ಕೇಳಿಸಲಿಲ್ಲ. ನೆರೆದವರಿಗೆ ಸೇತುವೆಯ ತಿರುವಿನ ಕಥೆ ಹೇಳುವುದರಲ್ಲಿ ಅವರು ಆಗಲೇ ಅರ್ಧ ದಾರಿ ಮುಟ್ಟಿದ್ದರು.